ನಾಲ್ಕನೇ ಜ್ವರದ ಹುಳುಗಳು

ಆ ಶನಿವಾರ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ರಾಬರ್ಟ್‌ಸನ್‌ಪೇಟೆಯ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಲು ಸೋಮವಾರವೇ ಕೊನೆಯ ದಿನ. ಅಮ್ಮ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. ಅಕ್ಕ ಪಿಯುಸಿಯಲ್ಲಿ ಒಂದು ವಿಷಯ ಉಳಿಸಿಕೊಂಡಿದ್ದಳು.

"ಬರೋ ವರ್ಷ ಇಬ್ರೂ ಸೇರ್ಕೊಳ್ಳಿ. ಬೇತಮಂಗಲದಿಂದ ಒಂದೇ ಬಸ್ಸಲ್ಲಿ ಓಗಿ, ಒಂದೇ ಬಸ್ಸಲ್ಲಿ ಬನ್ನಿ," ಅಂದಳು ಅಮ್ಮ.

"ಅಲ್ಲಿಗಂಟ ನಾನೇನ್ ಮಾಡ್ಲಿ?"

"ಉಳ ನೋಡ್ಕೋ."

ನಮ್ಮ ರೇಷ್ಮೆಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಆಗ ಅವು ತಲೆ ಎತ್ತಿಕೊಂಡು, ಏನೂ ತಿನ್ನದೆ, ಅಲುಗಾಡದೆ ಕೂರುತ್ತವೆ. ಕೆಲವು ಬೇಗ ಏಳುತ್ತವೆ. ಆದರೆ ಹೆಚ್ಚುಕಮ್ಮಿ ಎಲ್ಲವೂ ಏಳುವವರೆಗೆ ಯಾವುದಕ್ಕೂ ಸೊಪ್ಪು ಹಾಕುವಂತಿಲ್ಲ. ಒಟ್ಟಿಗೆ ತಿಂದರೆ ಒಟ್ಟಿಗೆ ಬೆಳೆದು ಒಟ್ಟಿಗೆ ಗೂಡು ಕಟ್ಟುತ್ತವೆ. ಸಾವಿರಾರು ಹುಳುಗಳ ಈ ಒಗ್ಗಟ್ಟಿಗೆ ಚಿಕ್ಕಂದಿನಿಂದ ಬೆರಗಾಗಿದ್ದೆ. ಅದರಲ್ಲಿ ಅರ್ಧ ಅಮ್ಮನೇ ಮಾಡಿದ್ದು ಅಂತ ಅವತ್ತು ಹೊಳೆಯಿತು. ಮೊದಲು ಎದ್ದವುಗಳ ಹೊಟ್ಟೆ ಕಟ್ಟಿ, ಇನ್ನೂ ಏಳದವುಗಳಿಗಾಗಿ ಕಾಯಿಸುತ್ತಿದ್ದಳು.

ಮೈಯೆಲ್ಲ ಉರಿದುಹೋಯಿತು. ಅಮ್ಮ ತೋಟಕ್ಕೆ ಹೋದದ್ದೇ ತಡ, ಹಸಿದು ಅಲೆಯುತ್ತಿದ್ದ ಹುಳುಗಳ ಮೇಲೆ ಸೊಪ್ಪು ಸುರಿದುಬಿಟ್ಟೆ.

ವಾಪಸ್ ಬಂದ ಅಮ್ಮ ಎದೆ ಬಡಿದುಕೊಂಡಳು. "ಅಯ್ಯೋ ನಿನ್ ಮನೆ ಆಳಾಗ! ಎಲ್ಲಾ ಏಳೋಗಂಟ ತಡ್ಕೊಳ್ಳಕ್ಕೆ ಆಗ್ಲಿಲ್ವೇನೇ?"

"ಮೊದ್ಲು ಎದ್ದಿದ್ದು ಅವುಗಳ ತಪ್ಪಾ?" ಅಂದೆ. ಅಳು ಬಂದುಬಿಟ್ಟಿತು.

ಅಮ್ಮ ನನ್ನನ್ನೇ ನೋಡಿದಳು. ಹುಳು ಸಾಕುವ ಖಾಲಿ ತಟ್ಟೆಯೊಂದನ್ನು ಎಳೆದುಕೊಂಡು ಕೂತು, ತಿನ್ನುತ್ತಿದ್ದ ಹುಳುಗಳನ್ನು ಎಲೆಯ ಸಮೇತ ಎತ್ತಿ ಅದರೊಳಗೆ ಬಿಡತೊಡಗಿದಳು. ನಾನೂ ಎದುರಿಗೆ ಕೂತೆ. ಇನ್ನು ಎರಡು ಗುಂಪಿಗೂ ಬೇರೆ ಬೇರೆ ಹೊತ್ತಿಗೆ ಸೊಪ್ಪು ಹಾಕಬೇಕು. ಅವಳ ಕೆಲಸ ಇಮ್ಮಡಿಯಾಯಿತು, ನನ್ನಿಂದ.

"ಇವು ಮುಂದಾಗಿ ಗೂಡು ಕಟ್ಕೊಳ್ಳಲಿ," ಅಂದಳು. "ಮಲಗಿರೋವ್ಕೆ ನಾನಿದೀನಲ್ಲ."

ಅರ್ಧ ತಟ್ಟೆ ತುಂಬಿತು.

"ಸೋಮವಾರ ಬಸ್ಸು ಎಷ್ಟೊತ್ತಿಗೆ?" ಅಮ್ಮ ತಲೆ ಎತ್ತಲಿಲ್ಲ.

"ಏಳೂವರೆಗೆ."

"ಒಬ್ಳೇ ಓಗಕ್ಕೆ ಭಯ ಆಗಲ್ವಾ?"

ಇಲ್ಲ ಅಂತ ವಾರದಿಂದ ಜಗಳವಾಡಿದ್ದೆ. ಈಗ ಸುಳ್ಳು ಹೇಳಲಾಗಲಿಲ್ಲ. "ಆಯ್ತದೆ."

"ನಂಗೂ ಆಯ್ತದೆ," ಅಂದಳು ಅಮ್ಮ. "ಓಗು."