ಬ್ಯಾರೆ ಮಡಗಿದ ಡಬ್ಬಿ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥ ಕಥೆಗಳನ್ನು ನಂಬುವವನಲ್ಲ. ಕನಸಿನಲ್ಲಿ ಕಂಡದ್ದು ಬೆಳಿಗ್ಗೆ ನಿಜವಾಯಿತು ಎಂದು ಯಾರಾದರೂ ಹೇಳಿದರೆ, ನಿಜವಾಗದ ಕನಸುಗಳನ್ನೂ ಬರೆದಿಟ್ಟಿದ್ದೀರಾ ಎಂದು ಕೇಳಿ ಎಷ್ಟೋ ಮದುವೆ ಮನೆಗಳಲ್ಲಿ ನೆಂಟರ ಮುನಿಸು ಕಟ್ಟಿಕೊಂಡಿದ್ದೇನೆ. ಜೀವಮಾನವೆಲ್ಲ ಪ್ರಯೋಗಶಾಲೆಯಲ್ಲಿ ಕಳೆದವನು ನಾನು. ಸೂಕ್ಷ್ಮದರ್ಶಕದ ಕೆಳಗೆ ಕಂಡರೆ ಇದೆ, ಕಾಣದಿದ್ದರೆ ಇನ್ನೊಂದು ಸಲ ನೋಡು. ನನ್ನ ಧರ್ಮ ಇಷ್ಟೇ. ಆದರೂ ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಕೂತಿರುವ ಒಂದು ಖಾಲಿ ಪ್ಲಾಸ್ಟಿಕ್ ಡಬ್ಬಿಯ ವಿಷಯ ಬಂದಾಗ ನನ್ನ ಬಾಯಿ ಕಟ್ಟಿಹೋಗುತ್ತದೆ. ಅದು ಅಲ್ಲಿಗೆ ಹೇಗೆ ಬಂತು ಎಂಬುದನ್ನು ನಡೆದ ಹಾಗೇ ಬರೆಯುತ್ತೇನೆ. ಅರ್ಥ ಹೊಳೆದರೆ ನೀವೇ ಹೇಳಿ.

ತೊಂಬತ್ತರ ದಶಕದ ಕೊನೆಯ ಮಾತು. ಕ್ಷಯರೋಗವನ್ನು ಬೇಗ ಪತ್ತೆ ಹಚ್ಚುವ ಹೊಸ ವಿಧಾನವೊಂದನ್ನು ಪರೀಕ್ಷಿಸುವ ಸಂಶೋಧನಾ ಯೋಜನೆಯಲ್ಲಿ ನಾನು ಟೆಕ್ನಿಷಿಯನ್ ಆಗಿದ್ದೆ. ಹುಣಸೂರಿನಲ್ಲಿ ಒಂದು ಬಾಡಿಗೆ ಮನೆಯೇ ನಮ್ಮ ಪ್ರಯೋಗಶಾಲೆ. ಮುಖ್ಯಸ್ಥರಾಗಿ ಒಬ್ಬರು ಡಾಕ್ಟರ್ ಮೇಡಂ, ಜೀಪು ಓಡಿಸಲು ಸ್ವಾಮಿ, ಉಳಿದದ್ದಕ್ಕೆಲ್ಲ ನಾನು. ನನ್ನ ಊರು ಕೆ.ಆರ್. ನಗರ. ಕಾಲುವೆ ನೀರು ಕುಡಿದು ಬೆಳೆದವರಿಗೆ ಬೆನ್ನು ಬಗ್ಗುವುದಿಲ್ಲ ಎಂದು ಸ್ವಾಮಿ ದಿನಕ್ಕೊಂದು ಸಲವಾದರೂ ಅನ್ನುತ್ತಿದ್ದ. ಅವನು ಎಚ್.ಡಿ. ಕೋಟೆ ಕಡೆಯ, ಮಳೆ ನಂಬಿದ ಹೊಲದವನು. ಆ ಜೀಪಿನ ಬಾಗಿಲಿಗೆ ಕಟ್ಟಿದ್ದ ಹಗ್ಗ, ಬಸ್ ಸ್ಟ್ಯಾಂಡಿನ ಎದುರು ಬೆಳಿಗ್ಗೆ ಆರಕ್ಕೇ ಸಿಗುತ್ತಿದ್ದ ಇಡ್ಲಿ, ಮೇಡಂ ಅವರ ಕೊಡೆ, ಎಲ್ಲ ಈಗಲೂ ಕಣ್ಣ ಮುಂದಿವೆ. ಆಗ ನನಗೆ ಇಪ್ಪತ್ತೇಳು ವರ್ಷ. ಜಗತ್ತಿನ ಒಂದು ದೊಡ್ಡ ರೋಗವನ್ನು ನಾವು ಮೂವರೇ ಓಡಿಸಿಬಿಡುತ್ತೇವೆ ಎಂಬ ಹುರುಪು. ಅಂಥ ಸಂತೋಷದ ದಿನಗಳು ಆಮೇಲೆ ನನಗೆ ಬರಲಿಲ್ಲ.

ಹೊಸ ವಿಧಾನವೆಂದರೆ ಬೆರಳುದ್ದದ ಒಂದು ಪಟ್ಟಿ. ಅದರ ಮೇಲೆ ಒಂದು ಹನಿ ರಕ್ತ ಹಾಕಿ ಕಾಲು ಗಂಟೆ ಬಿಟ್ಟರೆ ಗೆರೆ ಮೂಡುತ್ತಿತ್ತು. ಒಂದು ಗೆರೆ ಬಂದರೆ ರೋಗವಿಲ್ಲ, ಎರಡು ಬಂದರೆ ಇದೆ. ಈ ಗೆರೆ ಎಷ್ಟು ನಿಜ ಹೇಳುತ್ತದೆ ಎಂದು ತಿಳಿಯಬೇಕಾದರೆ ಅದೇ ಜನರ ಕಫವನ್ನೂ ತಂದು ಕಲ್ಚರ್ ಹಾಕಬೇಕು. ಎಂದರೆ ಮೊಟ್ಟೆಯಿಂದ ಮಾಡಿದ ಒಂದು ಬಗೆಯ ಗಟ್ಟಿ ಆಹಾರದ ಮೇಲೆ ಕಫದಲ್ಲಿರುವ ರೋಗಾಣುವನ್ನು ಬೆಳೆಸಬೇಕು. ಅದಕ್ಕೆ ಎಂಟು ವಾರ ಕಾಯಬೇಕು. ವಾರವಾರವೂ ಮೊಟ್ಟೆ ಒಡೆಯುತ್ತಿದ್ದ ನನ್ನನ್ನು ಬೀದಿಯವರು ಬೇಕರಿಯವನೆಂದೇ ತಿಳಿದಿದ್ದರು.

ಈ ಕೆಲಸದಲ್ಲಿ ಒಂದು ನಿಯಮವಿತ್ತು. ಯಾವ ಮಾದರಿ ಯಾರದೆಂದು ಪರೀಕ್ಷೆ ಮಾಡುವವನಿಗೆ ತಿಳಿಯಕೂಡದು. ಡಬ್ಬಿಗಳ ಮೇಲೆ ಬರೀ ನಂಬರು. ಹೆಸರಿನ ಪಟ್ಟಿ ಮೇಡಂ ಬಳಿ ಮುಚ್ಚಿದ ಲಕೋಟೆಯಲ್ಲಿ. ಇಂಗ್ಲಿಷಿನಲ್ಲಿ ಇದಕ್ಕೆ ಬ್ಲೈಂಡ್ ಟೆಸ್ಟ್ ಎನ್ನುತ್ತಾರೆ. ಹುಣಸೂರಿನಿಂದ ಕೋಟೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಒಂದು ಹಳ್ಳಿ. ಈ ಕಥೆಯ ಜನ ಅಲ್ಲಿ ಇನ್ನೂ ಇರುವುದರಿಂದ ಊರಿನ ಹೆಸರು ಹೇಳುವುದಿಲ್ಲ, ಅವರ ಹೆಸರುಗಳನ್ನೂ ಬದಲಿಸಿದ್ದೇನೆ. ಕ್ಯಾಂಪಿಗೆ ಮುಂಚೆ ಅಲ್ಲಿ ಸಭೆ ಸೇರಿಸಿ, ಕನ್ನಡದ ಅಭಿಮಾನ ಉಕ್ಕಿ, ನಾನು ಇದನ್ನು "ಕುರುಡು ಪರೀಕ್ಷೆ" ಎಂದು ವಿವರಿಸಿದೆ. ಜನ ತಲೆಯಾಡಿಸಿದರು. ಅವರಿಗೆ ಅರ್ಥವಾಯಿತೆಂದು ನಾನು ತಿಳಿದೆ. ಅರ್ಥವೇನೋ ಆಗಿತ್ತು.

ಕ್ಯಾಂಪಿನ ದಿನ ಬೆಳಿಗ್ಗೆ ನಾವು ಶಾಲೆಯ ಜಗಲಿಯಲ್ಲಿ ಮೇಜು ಹಾಕುವಷ್ಟರಲ್ಲಿ ಊರಿನ ಯಜಮಾನರೊಬ್ಬರು ಒಬ್ಬ ಮುದುಕಿಯ ಕೈ ಹಿಡಿದುಕೊಂಡು ಬಂದರು.

"ಕುರುಡು ಪರೀಕ್ಷೆ ಅಂದಿದ್ರಲ್ಲ ಸಾ, ನಮ್ಮೂರ್ಲಿ ಕಣ್ಣು ಕಾಣದೋಳು ಇವಳೊಬ್ಬಳೇ ಕಣ್ರೀ. ಕೆಲ್ಸ ಬುಡಿಸಿ ಕರ್ಕಬಂದಿವ್ನಿ," ಅಂದರು.

ಮೇಡಂ ನನ್ನ ಮುಖ ನೋಡಿದರು. ನಾನು ಜೀಪಿನ ಕಡೆ ನೋಡಿದೆ. ಸ್ವಾಮಿ ನಕ್ಕು ನಕ್ಕು ಜೀಪಿಗೇ ಒರಗಿಬಿಟ್ಟಿದ್ದ.

ಆಕೆಯ ಹೆಸರು ಪುಟ್ತಾಯಮ್ಮ. ಚಿಕ್ಕಂದಿನಲ್ಲಿ ಸಿಡುಬಿಗೆ ಎರಡೂ ಕಣ್ಣು ಹೋಗಿದ್ದವು. ಆ ಊರು ಹೊಗೆಸೊಪ್ಪಿನದು. ಎಲೆಯನ್ನು ಬ್ಯಾರನ್ ಎನ್ನುವ ಕಾವಿನ ಮನೆಯಲ್ಲಿ ಬೆಂಕಿ ಕೊಟ್ಟು ಹದ ಮಾಡಿ, ವಿಂಗಡಿಸಿ, ಕಟ್ಟು ಕಟ್ಟುತ್ತಾರೆ. ನಡುದಂಟಿನಲ್ಲಿ ತೇವ ಉಳಿದ ಎಲೆ ಒಂದು ಸೇರಿದರೂ ಇಡೀ ಕಟ್ಟಿಗೆ ಬೂಷ್ಟು ಹಿಡಿಯುತ್ತದೆ. ಆ ಎಲೆಯನ್ನು ಬೆರಳಿನಲ್ಲೇ ಗುರುತಿಸಿ ತೆಗೆಯುವುದು ಪುಟ್ತಾಯಮ್ಮನ ಕೆಲಸ. ಕೈಗೆ ಸಿಕ್ಕಿದೊಡನೆ "ಬ್ಯಾರೆ ಮಡಗು" ಎನ್ನುತ್ತಿದ್ದಳಂತೆ. ಅವಳು ಹಾಗೆಂದ ಎಲೆಯನ್ನು ಯಾರೂ ಮತ್ತೆ ನೋಡುತ್ತಿರಲಿಲ್ಲ.

ಅವಳು ಮೇಜಿನ ಮುಂದಿನ ಬೆಂಚಿನಲ್ಲಿ ಕೂತು, ಸೆರಗಿಗೆ ಕೈ ಒರೆಸಿಕೊಂಡು, "ಎಲ್ಲಪ್ಪಾ ಮಾಲು?" ಎಂದಳು.

ಅವಳನ್ನು ಸುಮ್ಮನೆ ವಾಪಸು ಕಳಿಸಲು ನಮಗೆ ಮನಸ್ಸು ಬರಲಿಲ್ಲ. ಸ್ವಾಮಿ ಕಫದ ಡಬ್ಬಿಗಳ ತಟ್ಟೆಯನ್ನು ಅವಳ ಮುಂದಿಟ್ಟು "ತಕಳವ್ವ, ಇವೇ ಮಾಲು" ಎಂದ. ಇದನ್ನು ಗಮನವಿಟ್ಟು ಓದಿ. ಅವು ಖಾಲಿ ಡಬ್ಬಿಗಳು. ಹೊಸವು. ನಾನೇ ಆ ಬೆಳಿಗ್ಗೆ ಪೊಟ್ಟಣ ಬಿಚ್ಚಿ ನಂಬರಿನ ಚೀಟಿ ಅಂಟಿಸಿದ್ದೆ. ಊರಿನ ಒಬ್ಬರೂ ಅವನ್ನು ಇನ್ನೂ ಮುಟ್ಟಿರಲಿಲ್ಲ.

ಪುಟ್ತಾಯಮ್ಮ ಒಂದೊಂದನ್ನೇ ಎತ್ತಿ, ಮುಚ್ಚಳದ ಸುತ್ತ ಹೆಬ್ಬೆರಳಾಡಿಸಿ ಕೆಳಗಿಟ್ಟಳು. ತಮಾಷೆಯಿರಲಿಲ್ಲ, ಕೂಲಿಯ ಕೆಲಸದ ಶ್ರದ್ಧೆ. ನಲವತ್ತು ಡಬ್ಬಿಗಳಲ್ಲಿ ಮೂರನ್ನು ಪಕ್ಕಕ್ಕಿಟ್ಟು, ಮೂರು ಸಲವೂ "ಇದ ಬ್ಯಾರೆ ಮಡಗು ಮಗ" ಎಂದಳು. ನಾನು ನಗುತ್ತಲೇ ಆ ನಂಬರುಗಳನ್ನು ರಿಜಿಸ್ಟರಿನ ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ಬರೆದುಕೊಂಡೆ. ಹನ್ನೆರಡು, ಇಪ್ಪತ್ತೊಂಬತ್ತು, ಮೂವತ್ತನಾಲ್ಕು. ಸಂಜೆ ಮೇಡಂಗೆ ಹೇಳಿ ನಗಿಸಲು. ಸ್ವಾಮಿ ಎಲ್ಲವನ್ನೂ ತಟ್ಟೆಗೆ ಸುರಿದು ಕಲಸಿಬಿಟ್ಟ. ಬಂದವರು ಕೈಗೆ ಸಿಕ್ಕ ಡಬ್ಬಿ ತೆಗೆದುಕೊಂಡರು, ಮೇಡಂ ಹೆಸರಿನ ಪಟ್ಟಿಯಲ್ಲಿ ಬರೆದುಕೊಂಡರು.

ಬಂದವರಲ್ಲಿ ಮಂಜುಳ ಎಂಬ ಹುಡುಗಿಯಿದ್ದಳು. ಮದುವೆಯಾಗಿ ಆರು ತಿಂಗಳು, ತವರು ಕಂಪಲಾಪುರ. ಎರಡು ತಿಂಗಳಿಂದ ಕೆಮ್ಮು. ಜೊತೆಗೆ ಅತ್ತೆ ಕೆಂಪಮ್ಮ ಬಂದಿದ್ದಳು, ಗಂಡ ರಾಜಣ್ಣ ಬಂದಿದ್ದ. ಬ್ಯಾರನ್ನಿಗೆ ಸೌದೆ ಹಾಕುವ ಗಟ್ಟಿ ಆಳು ಅವನು. ಕೆಮ್ಮುವವರ ಮನೆಯವರೆಲ್ಲ ಮಾದರಿ ಕೊಡಬೇಕೆಂಬುದು ನಮ್ಮ ನಿಯಮವಾದ್ದರಿಂದ ನಿಂತಿದ್ದ. ಮಂಜುಳ ತಟ್ಟೆಯಿಂದ ಒಂದು ಡಬ್ಬಿ ಎತ್ತಿದವಳು, ಊಟದ ತಟ್ಟೆ ಕೊಡುವ ಅಭ್ಯಾಸವೋ ಏನೋ, ಅದನ್ನು ಮೊದಲು ಗಂಡನ ಕೈಗಿಟ್ಟು ತನಗೆ ಇನ್ನೊಂದು ತೆಗೆದುಕೊಂಡಳು. ಹಿಂದಿದ್ದ ಹೆಂಗಸರು ನಕ್ಕರು. ಅದಕ್ಕೇ ನನಗೆ ನೆನಪಿದೆ.

ಇನ್ನು ನನ್ನ ತಪ್ಪು. ರಕ್ತದ ಪಟ್ಟಿಗಳನ್ನು ಜನರಿಗೆ ಕಾಣದಂತೆ ಪೆಟ್ಟಿಗೆಯೊಳಗೆ ಇಡಬೇಕು ಎಂದು ಮೇಡಂ ಹೇಳಿದ್ದರು. ಬಿಸಿಲು ಚೆನ್ನಾಗಿದೆ, ಓದಲು ಸುಲಭ ಎಂದು ನಾನು ಮೇಜಿನ ಮೇಲೇ ಸಾಲಾಗಿ ಇಟ್ಟೆ. ಸಭೆಯಲ್ಲಿ ಎರಡು ಗೆರೆಯ ಅರ್ಥವನ್ನು ಹೇಳಿಕೊಟ್ಟವನೂ ನಾನೇ. ರಾಜಣ್ಣನ ಪಟ್ಟಿಯಲ್ಲಿ ಒಂದು ಗೆರೆ ಬಂತು. ಮಂಜುಳಳದರಲ್ಲಿ ಎರಡು. ನಾನು ಕೈ ಮರೆ ಮಾಡುವಷ್ಟರಲ್ಲಿ ಕೆಂಪಮ್ಮ ನೋಡಿಯಾಗಿತ್ತು.

"ಎರಡು ಗೆರೆ ಬಂದದೆ. ಇನ್ನೇನು ನೋಡಾದು? ನಾಳೀಕೆ ಅವರವ್ವನ ಮನೇಲಿ ಬ್ಯಾರೆ ಮಡಗ್ತೀನಿ," ಅಂದಳು.

ಈ ಪಟ್ಟಿಯೇ ಇನ್ನೂ ಪರೀಕ್ಷೆಯಲ್ಲಿದೆ, ಎಂಟು ವಾರ ತಾಳಿ ಎಂದು ಮೇಡಂ ಎಷ್ಟೋ ಹೇಳಿದರು. "ಎಂಟು ವಾರ ಇಟ್ಕಂಡು ಮನೆಮಂದಿಗೆಲ್ಲ ಅಂಟಿಸ್ಕಳದಾ ಮೇಡಮ್ಮೋರೆ?" ಎಂದು ಕೆಂಪಮ್ಮ ತಿರುಗಿ ಕೇಳಿದಳು. ಒಮ್ಮೆ ಹಾಗೆ ತವರು ಸೇರಿದ ಸೊಸೆಯನ್ನು ಮತ್ತೆ ಕರೆಸಿಕೊಳ್ಳುವವರು ಅಪರೂಪ. ಅಲ್ಲಿದ್ದ ಹೆಂಗಸರಿಗೆಲ್ಲ ಅದು ಗೊತ್ತಿತ್ತು. ಮಂಜುಳ ಅಳಲಿಲ್ಲ. ನನ್ನ ಮೇಜಿನ ಮೇಲಿನ ಪಟ್ಟಿಯನ್ನೇ ನೋಡುತ್ತ ನಿಂತಿದ್ದಳು. ಅಷ್ಟು ನಾಚಿಕೆ ನನಗೆ ಬೇರೆಂದೂ ಆಗಿಲ್ಲ.

ಬೆಂಚಿನಲ್ಲೇ ಕೂತಿದ್ದ ಪುಟ್ತಾಯಮ್ಮ ಆಗ ಬಾಯಿ ಬಿಟ್ಟಳು. "ಆ ಮಗಿನ ಯಾಕೆ ಕಳಿಸೀಯೆ ಕೆಂಪಿ? ನಾನು ಬ್ಯಾರೆ ಮಡಗಿದ್ರಲ್ಲಿ ಅವಳಿಲ್ಲ ಕಣೆ." ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನಂತೂ ಇಲ್ಲ. ಮರುದಿನ ಮಂಜುಳಳನ್ನು ಕಂಪಲಾಪುರದ ಬಸ್ಸು ಹತ್ತಿಸಿದರೆಂದು ಸ್ವಾಮಿ ಸುದ್ದಿ ತಂದ.

ಎಂಟು ವಾರ ನಾನು ದಿನಾ ಬೆಳಿಗ್ಗೆ ಗಾಜಿನ ನಳಿಗೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಒಂದರಲ್ಲಿ ಮೂರನೇ ವಾರಕ್ಕೇ ಉಪ್ಪಿಟ್ಟಿನ ರವೆಯ ಹಾಗೆ ಬೆಳೆ ಕಾಣಿಸಿತು. ಇನ್ನೊಂದರಲ್ಲಿ ಏಳನೇ ವಾರಕ್ಕೆ. ಆ ಊರಿನ ಉಳಿದ ನಳಿಗೆಗಳಲ್ಲಿ ಕೊನೆಯವರೆಗೂ ಏನೂ ಬರಲಿಲ್ಲ. ಬೆಳೆದ ಎರಡರ ನಂಬರನ್ನು ರಿಜಿಸ್ಟರಿನಲ್ಲಿ ಬರೆದು, ಪುಸ್ತಕ ಮುಚ್ಚುವಾಗ ರಟ್ಟಿನ ಒಳಗಿನ ಪೆನ್ಸಿಲ್ ಬರಹ ಕಣ್ಣಿಗೆ ಬಿತ್ತು. ಬೆಳೆದದ್ದು ಹನ್ನೆರಡು ಮತ್ತು ಇಪ್ಪತ್ತೊಂಬತ್ತು.

ನಾನು ಹೊರಗೆ ಹೋಗಿ ಒಂದು ಕಾಫಿ ಕುಡಿದು ಬಂದು ಮತ್ತೆ ನೋಡಿದೆ. ಅವೇ ನಂಬರುಗಳು.

ಮೇಡಂ ಲಕೋಟೆ ಒಡೆದರು. ಹನ್ನೆರಡು, ಊರಿನ ಒಬ್ಬ ಮುದುಕ. ಅವನನ್ನು ನೋಡಿದರೆ ಯಾರಾದರೂ ಹೇಳಬಹುದಿತ್ತು. ಇಪ್ಪತ್ತೊಂಬತ್ತು, ರಾಜಣ್ಣ. ಮಂಜುಳ ಎತ್ತಿ ಗಂಡನ ಕೈಗಿಟ್ಟ ಡಬ್ಬಿ. ಮಂಜುಳಳ ನಳಿಗೆ ಸ್ವಚ್ಛವಾಗಿತ್ತು. ಮೂವತ್ತನಾಲ್ಕರ ಮುಂದೆ ಹೆಸರೇ ಇರಲಿಲ್ಲ. ನಲವತ್ತು ಡಬ್ಬಿಗಳಲ್ಲಿ ಕೆಲವು ಉಳಿದು ವಾಪಸು ಬಂದಿದ್ದವು. ಸಾಮಾನಿನ ಪೆಟ್ಟಿಗೆ ಹುಡುಕಿದೆ, ಚೀಟಿಯ ಸಮೇತ ಮೂವತ್ತನಾಲ್ಕು ಸಿಕ್ಕಿತು. ಪೆನ್ಸಿಲ್ ಬರಹವನ್ನು ತೋರಿಸಿದಾಗ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, "ಇದನ್ನು ಬರೆಯಲು ನಮ್ಮ ವರದಿಯಲ್ಲಿ ಕಾಲಂ ಇಲ್ಲ" ಎಂದರು. ಅಷ್ಟೇ.

ಆ ಮಧ್ಯಾಹ್ನವೇ ನಾನೂ ಸ್ವಾಮಿಯೂ ಹಳ್ಳಿಗೆ ಹೋದೆವು. ಆರು ತಿಂಗಳ ಮಾತ್ರೆ ನುಂಗಬೇಕಾದವನು ತನ್ನ ಮಗ ಎಂದು ತಿಳಿದು ಕೆಂಪಮ್ಮ ಜಗಲಿಯ ಮೇಲೆ ಕೂತುಬಿಟ್ಟಳು. ಅವನನ್ನು ಎಲ್ಲೂ ಬೇರೆ ಇಡುವ ಮಾತು ಬರಲಿಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿಂದ ಕಂಪಲಾಪುರಕ್ಕೆ ಹೋದೆವು. ಹೊಗೆಸೊಪ್ಪಿನ ಧೂಳಿಲ್ಲದ ಆ ಮನೆಯಲ್ಲಿ ಮಂಜುಳಳ ಕೆಮ್ಮು ತಾನಾಗಿ ನಿಂತಿತ್ತು. ನಾನು ಕ್ಷಮೆ ಕೇಳಿದೆ. ಅವಳು ಒಳಗೆ ಹೋಗಿ ಸೀರೆ ಬದಲಿಸಿ, ಬಟ್ಟೆಯ ಚೀಲ ಹಿಡಿದು ಬಂದು ಜೀಪು ಹತ್ತಿದಳು.

"ಮಾತ್ರೆ ನಾನೇ ನುಂಗಿಸ್ತೀನಿ. ಇನ್ನು ಎಷ್ಟು ಗೆರೆ ಬಂದ್ರೂ ನಾನೆಲ್ಲೂ ಓಗಕಿಲ್ಲ ಸಾರ್," ಅಂದಳು.

ಹಾಗೇ ಮಾಡಿದಳು. ರಾಜಣ್ಣ ಗುಣವಾದ.

ಅವಳನ್ನು ಬಿಟ್ಟು ಹೊರಡುವ ಮುಂಚೆ ನಾನು ಪುಟ್ತಾಯಮ್ಮನ ಬಳಿ ಹೋದೆ. ಎಲೆಯ ರಾಶಿಯ ಮುಂದೆ ಕೂತಿದ್ದಳು. ನನ್ನ ಹೆಜ್ಜೆಯ ಸಪ್ಪಳಕ್ಕೇ ಗುರುತಿಸಿದಳು. ನಾನು ಕೇಳಲು ಬಾಯಿ ತೆರೆಯುವ ಮೊದಲೇ, "ಇನ್ನೊಂದ ಯಾರ್ಗೂ ಕೊಟ್ಟಿಲ್ಲ ತಾನೆ?" ಎಂದಳು. ಡಬ್ಬಿ ಉಳಿದ ವಿಷಯ ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೇ ಆ ಬೆಳಿಗ್ಗೆ ಗೊತ್ತಾದದ್ದು. ಇಲ್ಲ ಎಂದೆ. ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವಳು ಒಂದು ಎಲೆಯನ್ನು ನನ್ನ ಕೈಗಿಟ್ಟು, ಇನ್ನೊಂದನ್ನು ಇಟ್ಟು, "ಗೊತ್ತಾಯ್ತಾ?" ಎಂದಳು. ನನಗೆ ಎರಡೂ ಒಂದೇ ಅನ್ನಿಸಿದವು. "ಇನ್ನೆಂಗಪ್ಪ ಏಳ್ಲಿ? ಅದ ನೀನೇ ಬ್ಯಾರೆ ಮಡಗು," ಎಂದು ಕೆಲಸಕ್ಕೆ ತಿರುಗಿದಳು.

ಮುಂದಿನ ವರ್ಷ ಅವಳು ತೀರಿಕೊಂಡಳು. ನಮ್ಮ ಪಟ್ಟಿಯೂ ಉಳಿಯಲಿಲ್ಲ. ಇಲ್ಲದವರಿಗೆ ಇದೆ, ಇದ್ದವರಿಗೆ ಇಲ್ಲ ಎಂದು ಹಲವು ಊರುಗಳಲ್ಲಿ ತಪ್ಪು ಹೇಳಿ ಮೂಲೆ ಸೇರಿತು. ಯೋಜನೆ ಮುಗಿಯಿತು, ಮೂವತ್ತನಾಲ್ಕನ್ನು ನಾನು ಮನೆಗೆ ತಂದು ಅಡುಗೆಮನೆಯ ಹಲಗೆಯಲ್ಲಿಟ್ಟೆ, ಮೇಡಂ ವರ್ಗವಾದರು, ಸ್ವಾಮಿ ಬೀಚನಹಳ್ಳಿಯ ಹತ್ತಿರದ ಒಂದು ರೆಸಾರ್ಟಿಗೆ ಜೀಪು ಓಡಿಸಲು ಸೇರಿದ. ಈಗ ಬೇರೆ ಯಂತ್ರಗಳು ಬಂದು ಎರಡು ಗಂಟೆಯಲ್ಲೇ ನಿಜ ಹೇಳುತ್ತವೆ. ನೋಡಿ ಖುಷಿಯಾಗುತ್ತದೆ, ಮೊಟ್ಟೆ ಒಡೆದ ಕೈ ಸುಮ್ಮನೆ ಚಡಪಡಿಸುತ್ತದೆ.

ಎಲ್ಲ ರೀತಿಯಲ್ಲೂ ಯೋಚಿಸಿದ್ದೇನೆ. ಆಕಸ್ಮಿಕ ಎನ್ನಬಹುದು. ಹಾಗಾಗುವುದು ಅಪರೂಪವೇ ಹೊರತು ಅಸಾಧ್ಯವಲ್ಲ. ರಾಜಣ್ಣನಿಗೆ ರೋಗ ಮೊದಲೇ ಇತ್ತು, ಡಬ್ಬಿಯಿಂದ ಬರಲಿಲ್ಲ, ಅದೂ ಗೊತ್ತು. ಆದರೆ ಮಂಜುಳ ಆ ಡಬ್ಬಿಯನ್ನು ತಾನೇ ಇಟ್ಟುಕೊಂಡಿದ್ದರೆ ಎಂದು ಯೋಚಿಸಲು ಹೊರಟರೆ ನನ್ನ ವಿಜ್ಞಾನ ಅಲ್ಲಿಗೇ ನಿಲ್ಲುತ್ತದೆ.

ಹೋದ ವರ್ಷ ನನಗೆ ಕೆಮ್ಮು ಹಿಡಿದು ಮೂರು ವಾರವಾದರೂ ಬಿಡಲಿಲ್ಲ. ಕಫ ಪರೀಕ್ಷೆ ಮಾಡಿಸಿ ಎಂದು ಆಸ್ಪತ್ರೆಯಲ್ಲಿ ಒಂದು ಡಬ್ಬಿ ಕೊಟ್ಟರು. ಅದನ್ನು ನಾನು ಬಸ್ಸಿನಲ್ಲೇ ಮರೆತು ಬಂದೆ. ಇದನ್ನು ಕೇಳಿದ ನನ್ನ ಹೆಂಡತಿ, ಮನೆಯಲ್ಲೇ ಹೊಸದೊಂದು ಇದೆಯಲ್ಲ ಎಂದು ಸ್ಟೂಲು ಹತ್ತಿ ಮೂವತ್ತನಾಲ್ಕನ್ನು ತೆಗೆದು, ಧೂಳು ಒರೆಸಿ ನನ್ನ ಮುಂದೆ ಹಿಡಿದಳು. ನಾನು ಅವಳ ಕೈಯಿಂದ ತೆಗೆದುಕೊಂಡು, ಅದೇ ಸ್ಟೂಲು ಹತ್ತಿ, ಇದ್ದ ಜಾಗದಲ್ಲೇ ಇಟ್ಟೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಉರಿಬಿಸಿಲಿನಲ್ಲಿ ಮತ್ತೆ ಆಸ್ಪತ್ರೆಗೆ ಹೋಗಿ, ಇನ್ನೊಂದು ಡಬ್ಬಿ ಕೊಡಿ ಎಂದು ಕೇಳಿದೆ.