ಕೈ ಹಾಕಲಾಗದ ಕವರ್

‘ಅಕ್ಕಾ, ಗಂಟು ಬಿಚ್ಚಿ ತೋರ್ಸಿ,’ ಎಂದು ಪಂಚಾಯ್ತಿ ಕಸದ ಗಾಡಿಯ ಮಂಜುಳಾ ನಾನು ಕೊಟ್ಟ ಕವರನ್ನು ವಾಪಸ್ ನನ್ನ ಕೈಗೇ ಇಟ್ಟಳು. ನಮ್ಮೂರು ಸಾಸಲಿನಲ್ಲಿ ತರಕಾರಿ ವ್ಯಾಪಾರ ಮಾಡಿಯೇ ಮೇಲೆ ಬಂದವಳು ನಾನು, ಮಾತಿನಲ್ಲಿ ಸೋಲುವವಳಲ್ಲ.

‘ಏನಮ್ಮಾ, ಒಂದು ಕವರ್‌ಗೆ ಇಷ್ಟು ಚೌಕಾಸಿನಾ? ಎಲ್ಲಾ ಒಣಕಸಾನೇ, ಹಾಕ್ಕೋ.’

‘ಹಂಗಾದ್ರೆ ನೀವೇ ಒಂದ್ಸಲ ಒಳಗೆ ಕೈ ಹಾಕಿ ಅಕ್ಕಾ.’

ಗಂಟು ಬಿಚ್ಚಿದೆ, ಆದರೆ ಕೈ ಒಳಗೆ ಹೋಗಲಿಲ್ಲ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ. ಅವರ ಇಂಜೆಕ್ಷನ್ ಸೂಜಿಗಳನ್ನೆಲ್ಲ ಅದರೊಳಗೆ ಹಾಕಿದ್ದವಳು ನಾನೇ.

ಮಂಜುಳಾ ಕೈಗವಸು ತೆಗೆದು ಹೆಬ್ಬೆರಳು ತೋರಿಸಿದಳು. ‘ಹೋದ್ವಾರ ಈ ಬೀದೀಲೇ ಸೂಜಿ ಚುಚ್ತು. ಒಂದ್ಸಲ ರಕ್ತ ಪರೀಕ್ಷೆ ಆಗೈತೆ, ಇನ್ನೊಂದ್ಸಲ ಮಾಡಿಸ್ಬೇಕಂತೆ. ಅಲ್ಲೀಗಂಟ ಮಗೀಗೆ ಹಾಲು ಕೊಡೋಕೂ ಭಯ.’

ನಮ್ಮ ಬೀದಿಯಲ್ಲಿ ಸೂಜಿ ಚುಚ್ಚಿಕೊಳ್ಳುವ ಮನೆ ನನಗೆ ತಿಳಿದಂತೆ ನಮ್ಮದೊಂದೇ. ಕವರಿಗೆ ಮತ್ತೆ ಗಂಟು ಹಾಕಿ ಮನೆಯೊಳಗೆ ತೆಗೆದುಕೊಂಡು ಹೋದೆ.

ಈಗ ಸೂಜಿಗಳನ್ನು ಮುಚ್ಚಳವಿರುವ ಗಟ್ಟಿ ಡಬ್ಬದಲ್ಲಿ ಹಾಕಿಟ್ಟು, ತುಂಬಿದ ಮೇಲೆ ಆಸ್ಪತ್ರೆಗೇ ಕೊಡುತ್ತೇನೆ. ನೀವೂ ಹಾಗೇ ಮಾಡಿ. ಅವತ್ತೇ ಯಜಮಾನರ ರಕ್ತ ಪರೀಕ್ಷೆ ಮಾಡಿಸಿ, ಯಾವ ಸೋಂಕೂ ಇಲ್ಲವೆಂಬ ವರದಿಯನ್ನು ಮಂಜುಳಾಳ ಮನೆಗೆ ಒಯ್ದು ಕೊಟ್ಟೆ. ಯಾರ ಮನೆಯ ಸೂಜಿ ಎಂದು ಅವಳು ಕೇಳಲಿಲ್ಲ. ವರದಿ ಓದಿ, ಮಗುವನ್ನು ತೊಡೆಯ ಮೇಲೆ ಎತ್ತಿಕೊಂಡಳು.