ಅಂಚಿನಲ್ಲೊಂದು ಗುಳಿ

ಪಿಸ್ತೂಲು ಇದೆ ಎಂದರೆ ಸಾಕು, ಜನರ ಬಾಯಿಗೆ ಬರುವುದು ಒಂದೇ ಪ್ರಶ್ನೆ: "ಯಾರಿಗೆ ಹೊಡೀತೀಯಾ?" ಕ್ರೇನಕ್ಕನಿಗೆ ಮೈಯೆಲ್ಲ ಉರಿಯುತ್ತಿದ್ದದ್ದೇ ಆಗ. ಸರಕಿನ ಯಾರ್ಡಿನಲ್ಲಿ ಕ್ರೇನು ನಡೆಸುತ್ತಿದ್ದುದರಿಂದ ಅವಳಿಗೆ ಆ ಹೆಸರು ಬಿದ್ದಿತ್ತು. "ಕಾಗದಕ್ಕೆ ಹೊಡೀತೀನಿ. ನಿಮ್ಮ ತಲೆ ಕಾಗದದ್ದಾದ್ರೆ ಹೇಳಿ, ನೋಡೋಣ," ಎನ್ನುತ್ತಿದ್ದಳು.

ಅಲ್ಲ, ಅದೇನು ಮಹಾ ಆಯುಧವೇ? ಗುರಿ ಹೊಡೆಯುವ ಕ್ಲಬ್ಬಿನ ಮುದುಕ ಕೋಚು ಕಣ್ಣು ಮಂಜಾದ ಮೇಲೆ ಅವಳಿಗೆ ದಾಟಿಸಿದ ಪುಟ್ಟ ಪಿಸ್ತೂಲು. ಗುಂಡು ಪೆನ್ಸಿಲ್ಲಿಗಿಂತ ಸಣ್ಣದು. ಸದ್ದೋ, ಒಣಕಡ್ಡಿ ಮುರಿದ ಹಾಗೆ. ಕೈಗೆ ಒದೆತವೇ ಇಲ್ಲ. ಮರದ ಹಿಡಿಯನ್ನು ಉಜ್ಜಿ ಉಜ್ಜಿ ತನ್ನ ಅಂಗೈಗೆ ಸರಿಯಾಗಿ ಕೂರಿಸಿಕೊಂಡಿದ್ದಳು. ತಿನ್ನುವುದರಲ್ಲಿ ಮಾತ್ರ ಅದರದು ಭಾರೀ ನಖರಾ. ಒಂದೇ ಬಗೆಯ ಗುಂಡು ಬೇಕು, ಬೇರೆ ಹಾಕಿದರೆ ಗಂಟಲಲ್ಲಿ ಸಿಕ್ಕಿಸಿಕೊಂಡು ಕೂರುತ್ತಿತ್ತು. ಸಮಾಧಾನದಿಂದ ನಡೆಸಿಕೊಂಡರೆ ಹೇಳಿದ ಕಡೆಗೇ ಹೋಗುತ್ತಿತ್ತು. ದಿನವಿಡೀ ಯಾರ್ಡಿನ ಕೂಗಾಟ ಕೇಳಿ ಬಂದವಳಿಗೆ ಸಂಜೆಯ ಆ ಅಭ್ಯಾಸ ಬೇಕೇ ಬೇಕು. ಈ ಸಲ ಕ್ಲಬ್ಬಿನ ತಂಡಕ್ಕೆ ಅವಳ ಹೆಸರೂ ಕೇಳಿಬಂದಿತ್ತು. ಭಾನುವಾರ ಆಯ್ಕೆ.

ಗುರುವಾರ ಅಭ್ಯಾಸಕ್ಕೆ ನಿಂತರೆ ಮೊದಲ ಗುಂಡು ಹಾರಲಿಲ್ಲ. ಮುಂದಿನದೂ ಹಾರಲಿಲ್ಲ. ಬಿಚ್ಚಿ ಬೆಳಕಿಗೆ ಹಿಡಿದಳು. ಗುಂಡು ಕೂರುವ ಗೂಡಿನ ಅಂಚಿನಲ್ಲಿ ಹೊಚ್ಚಹೊಸ ಗುಳಿಯೊಂದು ಬಿದ್ದಿತ್ತು. ಕ್ಲಬ್ಬಿನ ರಿಪೇರಿಯವನು ನೋಡಿ, ಶನಿವಾರಕ್ಕೆ ಉಜ್ಜಿ ಸರಿ ಮಾಡಿಕೊಡುತ್ತೇನೆ ಎಂದ.

ಈ ಜಾತಿಯ ಗುಂಡಿಗೆ ಕಿಡಿ ಹೊತ್ತುವುದು ಬುಡದ ಅಂಚಿನಲ್ಲಿ. ಪಿನ್ನು ಬಂದು ಆ ಅಂಚಿಗೇ ಬಡಿಯಬೇಕು. ಗುಂಡಿಲ್ಲದೆ ಟ್ರಿಗರ್ ಎಳೆದರೆ ಪಿನ್ನು ಸೀದಾ ಗೂಡಿನ ಉಕ್ಕಿಗೆ ಬಡಿದು ಅಲ್ಲಿ ಗುಳಿ ಮಾಡುತ್ತದೆ, ತಾನೂ ಮೊಂಡಾಗುತ್ತದೆ. ಕ್ಲಬ್ಬಿಗೆ ಕಾಲಿಟ್ಟವರಿಗೆ ಹೇಳಿಕೊಡುವ ಮೊದಲ ಪಾಠವೇ ಅದು. ಹಾಗಾದರೆ ಎಳೆದವರು ಯಾರು? ಪೆಟ್ಟಿಗೆಯ ಕೀ ಅಡುಗೆಮನೆಯ ಡಬ್ಬಿಯಲ್ಲಿರುವುದು ಅಮ್ಮನಿಗೆ ಗೊತ್ತು, ತಮ್ಮನಿಗೆ ಗೊತ್ತು.

ಮನೆಗೆ ಬಂದರೆ ತಮ್ಮ ಸೋಫಾದ ಮೇಲೆ ಕಾಲು ಚಾಚಿ ಟೀವಿ ನೋಡುತ್ತಿದ್ದ.

"ಪಿಸ್ತೂಲು ಮುಟ್ಟಿದ್ಯೇನೋ?"

"ಅದರಲ್ಲಿ ಗುಂಡೇ ಇರ್ಲಿಲ್ಲ ಬಿಡಕ್ಕ."

"ಗುಂಡಿಲ್ದೆ ಎಳೆದ್ಯಾ?"

"ಟಕ್ ಟಕ್ ಅನ್ನಿಸ್ದೆ. ಏನೀಗ? ಹಿಂದಿನ ರೂಮಿನವಳು ತಿಂಗಳ ಕೊನೆಗೆ ಖಾಲಿ ಮಾಡ್ತಾಳೆ. ಇಷ್ಟು ದಿನ ಬಾಯಲ್ಲಿ ಹೇಳಿ ಹೇಳಿ ಸಾಕಾಗಿತ್ತು. ನೋಡು, ಒಂದೇ ಏಟಿಗೆ ಆಯ್ತು!"

ನಾಚಿಕೆಗೆಟ್ಟವನು, ನಗುತ್ತಿದ್ದ! ಹಿಂದಿನ ರೂಮುಗಳನ್ನು ಒಡೆಸಿ ಅಲ್ಲಿ ತನ್ನ ಹೊಸ ಕಾರು ನಿಲ್ಲಿಸಬೇಕು, ಅದಕ್ಕೆ ಈ ಪರಾಕ್ರಮ.

ಕ್ರೇನಕ್ಕ ಹಿತ್ತಲಿಗೆ ನಡೆದಳು. ಅಲ್ಲಿ ಬಾಡಿಗೆಗಿದ್ದವಳು ಹೊಲಿಗೆಯಾಕೆ, ಜೊತೆಗೆ ಪುಟ್ಟ ಮಗಳು. ಪಿಸ್ತೂಲಿಗೆ ಗೀರು ಬೀಳಬಾರದೆಂದು ಒಳಗೆ ಮೆತ್ತನೆ ಬಟ್ಟೆ ಕೊಟ್ಟು ಚೀಲ ಹೊಲಿದುಕೊಟ್ಟವಳೇ ಇವಳು. ಬಾಯಿ ತುಂಬ ಅಕ್ಕಾ ಅಕ್ಕಾ ಎನ್ನುತ್ತಿದ್ದವಳು ಇವತ್ತು ಬಾಗಿಲನ್ನು ಅರ್ಧವೂ ತೆರೆಯಲಿಲ್ಲ.

"ಖಾಲಿ ಮಾಡ್ತೀವಿ ಮೇಡಂ. ಒಂದು ಮನೆ ಸಿಗ್ಲಿ, ಅಷ್ಟೇ."

ಮೇಡಂ! ಕೆನ್ನೆಗೆ ಬಾರಿಸಿದಂತಾಯಿತು.

"ನಿನಗೇನು ಮಾಡಿದ ಅವನು? ಹೇಳಮ್ಮ."

"ನನಗಲ್ಲ, ಮಗಳ ಕಡೆ ಹಿಡಿದ್ರು. ಗುಂಡಿಲ್ಲ ಅಂತ ನಮಗೇನು ಗೊತ್ತು ಮೇಡಂ? ಮಗು ಈಗ ಚಿಲಕದ ಸದ್ದಿಗೂ ಬೆಚ್ಚಿಬೀಳುತ್ತೆ."

ಕ್ರೇನಕ್ಕನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ವರ್ಷ ಕಾಗದ ಬಿಟ್ಟು ಒಂದು ಗುಬ್ಬಿಯ ಕಡೆಗೂ ಅದರ ಮೂತಿ ತಿರುಗಿಸಿದವಳಲ್ಲ. ಈ ಪುಣ್ಯಾತ್ಮ ಮಗುವಿಗೆ ಹಿಡಿದಿದ್ದಾನೆ! "ನಾಳೆ ಸ್ಟೇಷನ್ನಿಗೆ ಬಾ. ನಾನಿರ್ತೀನಿ," ಎಂದಳು.

ಸ್ಟೇಷನ್ನಿನ ಮಾತು ಕೇಳಿದ್ದೇ ಮನೆಯಲ್ಲಿ ಅಮ್ಮ ದಾರಿಗೆ ಅಡ್ಡ ನಿಂತರು. "ಒಡಹುಟ್ಟಿದವನು ಕಣೇ! ನಿನ್ನ ಲೈಸೆನ್ಸೂ ಹೋಗುತ್ತೆ, ಅವನೂ ಒಳಗೆ ಹೋಗ್ತಾನೆ. ರಿಪೇರಿಯವನು ಶನಿವಾರಕ್ಕೆ ಸರಿ ಮಾಡ್ಕೊಡ್ತಾನೆ ಅಂದ್ಯಲ್ಲ? ಮಾಡಿಸ್ಕೊಂಡು ಭಾನುವಾರ ಹೋಗಿ ಆಡ್ಕೊಂಡು ಬಾ. ಯಾರಿಗೆ ಗೊತ್ತಾಗುತ್ತೆ?"

ಅದೇ ಅಲ್ಲವೇ ಸಂಕಟ! ರಿಪೇರಿಯವನು ಗುಳಿ ಉಜ್ಜಿ ತೆಗೆದರೆ ಭಾನುವಾರ ಅವಳದ್ದು. ಆದರೆ ಬಡವಳ ಮಾತು ಬಿಟ್ಟರೆ ತಮ್ಮ ಮಾಡಿದ್ದಕ್ಕೆ ಇದ್ದ ಗುರುತು ಆ ಗುಳಿ ಒಂದೇ. ಉಜ್ಜಿಸಿದರೆ ಅದೂ ಇಲ್ಲ. ಹಾಸಿಗೆಯಲ್ಲಿ ಹೊರಳಾಡಿದಳು, ಅತ್ತಳು, ತಮ್ಮನನ್ನು ಬಾಯಿಗೆ ಬಂದಂತೆ ಬೈದಳು. ಆಯ್ಕೆಗೆಂದು ಎಷ್ಟು ಆಸೆಪಟ್ಟಿದ್ದಳೋ ಅವಳಿಗೇ ಗೊತ್ತು. ಬೆಳಗ್ಗೆ ಪಿಸ್ತೂಲನ್ನು ಅದೇ ಚೀಲಕ್ಕೆ ಹಾಕಿಕೊಂಡು, ತಾಯಿ ಮಗಳನ್ನು ಕರೆದುಕೊಂಡು ಹೊರಟಳು.

ಸ್ಟೇಷನ್ನಿನ ಸಾಹೇಬರು ನಕ್ಕರು. "ಗುಂಡೇ ಇರ್ಲಿಲ್ಲ ಅಂತೀರಿ. ಮತ್ತೆ ಕೇಸು ಏನಮ್ಮ?"

ಅವಳು ಪಿಸ್ತೂಲಿನ ಮೂತಿಯನ್ನು ಗೋಡೆಗೆ ತಿರುಗಿಸಿ ಮೇಜಿನ ಮೇಲಿಟ್ಟು ಗುಳಿ ತೋರಿಸಿದಳು. "ಎಳೆದಿದ್ದಕ್ಕೆ ಗುರುತು ಇದು. ಕೀ ಅವನ ಕೈಗೆ ಸಿಗೋ ಹಾಗೆ ಇಟ್ಟಿದ್ದು ನಾನು, ಅದನ್ನೂ ಬರ್ಕೊಳ್ಳಿ."

"ಕೇಸು ಮುಗಿಯೋವರೆಗೂ ಇದು ಇಲ್ಲೇ ಇರುತ್ತೆ. ಆಮೇಲೂ ಲೈಸೆನ್ಸು ವಾಪಸ್ ಸಿಗುತ್ತೆ ಅಂತ ನಂಬ್ಕೋಬೇಡಿ."

"ಗೊತ್ತು ಸಾರ್."

ಸಾಹೇಬರು ಅದನ್ನು ಆಟದ ಸಾಮಾನಿನಂತೆ ಎತ್ತಿಕೊಂಡರು. "ಇಷ್ಟಕ್ಕೇ ಹೆದರಿದ್ರಾ?" ಎನ್ನುತ್ತ ಬೆರಳನ್ನು ಟ್ರಿಗರಿಗೆ ತಂದರು. ಬೆಂಚಿನ ಮೇಲಿದ್ದ ಹೊಲಿಗೆಯಾಕೆ ಮಗಳ ಕಿವಿ ಎರಡನ್ನೂ ಮುಚ್ಚಿ ಚೀರಿದಳು.

"ಅಕ್ಕಾ, ಬೇಡ ಅನ್ನಿ ಅಕ್ಕಾ!"

ಕ್ರೇನಕ್ಕ ಸಾಹೇಬರ ಮಣಿಕಟ್ಟನ್ನು ಹಿಡಿದೇಬಿಟ್ಟಳು.

"ಕೆಳಗಿಡಿ ಸಾರ್. ಖಾಲಿ ಅಂತ ನನಗೂ ಗೊತ್ತು. ಖಾಲಿಯಾದ್ರೂ ಕೆಳಗಿಡಿ."